ಮೊದಲ ಎಳೆತ

ರಾತ್ರಿ ಒಂದೂವರೆಗೆ ಅಮ್ಮ
ಹಣೆಗೆ ದೀಪ ಕಟ್ಟಿಕೊಂಡು ತೋಟಕ್ಕಿಳಿಯುತ್ತಾಳೆ.
ಬೆಳಕು ಬಿದ್ದಷ್ಟು ಮರ, ಉಳಿದದ್ದೆಲ್ಲ ಸೊಳ್ಳೆ.
ಚಾಕು ತೊಗಟೆ ಕೆರೆಯುವ ಸದ್ದಿಗೇ
ನಾನು ಮಗ್ಗುಲು ಬದಲಿಸಿ ಬೆಳೆದವಳು.
ಕೂದಲೆಳೆಯಷ್ಟು ಆಳ ಹೆಚ್ಚಾದರೆ ಮರಕ್ಕೆ ಗಾಯ,
ಕೂದಲೆಳೆಯಷ್ಟು ಕಡಿಮೆಯಾದರೆ ಬಟ್ಟಲು ಖಾಲಿ.

ಈಗ ನನ್ನ ಹೊಟ್ಟೆಪಾಡೂ ಕೂದಲೆಳೆಯದೇ.
ಪಟ್ಟಾನಿಯ ಪ್ರಯೋಗಶಾಲೆಯಲ್ಲಿ
ತಲೆವಸ್ತ್ರದ ತುದಿ ಅಂಗಿಯೊಳಗೆ ಸಿಕ್ಕಿಸಿ, ಮೂಗು ಬಾಯಿ ಮುಚ್ಚಿ
ಎರಡು ಉರುಳೆಗಳ ಯಂತ್ರದ ಮುಂದೆ
ಹನ್ನೊಂದು ವರ್ಷದಿಂದ ನಿಂತಿದ್ದೇನೆ.
ಸೀಸೆಯಲ್ಲಿ ಕಪ್ಪು ಪುಡಿ, ಕಾಡಿಗೆಯಂಥದು,
ಮುಚ್ಚಳ ತೆಗೆದರೆ ಉಸಿರು ತಾಗಿ ಏಳುತ್ತದೆ.

ಪುಡಿಯಲ್ಲ ಯಾವಾಹೆ, ಕೊಳವೆ, ಎನ್ನುತ್ತಾರೆ ಅಜಾನ್ ವಿಪಾದಾ,
ಇಂಗಾಲದ ಹಾಳೆ ಸುರುಳಿ ಸುತ್ತಿದ್ದು.
ನಿನ್ನ ಒಂದು ಕೂದಲಿನ ಅಗಲಕ್ಕೆ
ಐದು ಸಾವಿರ ಸಾಲಾಗಿ ನಿಲ್ಲುತ್ತವೆ.
ಎಣಿಸಿದವರಾರು, ಎಂದು ಕೇಳಲಿಲ್ಲ.

ಟೈರಿಗೆ ಹಾಕುವ ಮಾಮೂಲಿ ಮಸಿ
ನೂರು ಪಾಲು ರಬ್ಬರಿಗೆ ಐವತ್ತು ಕೇಳುತ್ತದೆ.
ಇದಕ್ಕೆ ಮೂರು ಸಾಕು,
ಸಿಕ್ಕು ಬಿಡಿಸಿದರೆ.

ಸಿಕ್ಕೇ ಎಲ್ಲ ತಕರಾರು.
ಮದುವೆಮನೆಯಲ್ಲಿ ಗಂಡಿನ ಕಡೆಯವರು
ಒಂದೇ ಚಾಪೆ ಹಿಡಿದು ಕೂತ ಹಾಗೆ
ತಮ್ಮ ತಮ್ಮವರನ್ನೇ ತಬ್ಬಿ ಗಂಟಾಗುತ್ತವೆ, ರಬ್ಬರಿಗೆ ಬೆನ್ನು ಹಾಕಿ.
ಗಂಟಿದ್ದಲ್ಲೇ ಹರಿಯುತ್ತದೆ.
ಮಡಚಿ ಹಾಕು, ಕತ್ತರಿಸಿ ಹಾಕು, ತಿರುಗಿಸಿ ಮತ್ತೆ ಹಾಕು,
ಉರುಳೆಗಳ ಸಂದಿಯಲ್ಲಿ ಹಾಳೆ ಚಟಪಟ ಅನ್ನುತ್ತದೆ.
ನನ್ನ ತಲೆ ಬಾಚುವಾಗ ಅಮ್ಮನಿಗೆ ಇಷ್ಟು ತಾಳ್ಮೆ ಇರಲಿಲ್ಲ.

ರಯೋಂಗಿನಿಂದ ಸಿಂಥೆಟಿಕ್ ರಬ್ಬರು ಬರುತ್ತದೆ,
ಪ್ಲಾಸ್ಟಿಕ್ ಹೊದ್ದ ಇಟ್ಟಿಗೆ, ಗ್ರಾಮು ತಪ್ಪುವುದಿಲ್ಲ,
ಕಸ ಇಲ್ಲ, ವಾಸನೆ ಇಲ್ಲ, ಮರದ ಮುಖ ಕಂಡದ್ದಿಲ್ಲ.
ಅಮ್ಮನ ಹಾಳೆಯಲ್ಲೋ ಹೊಗೆ, ತೊಗಟೆಯ ಚೂರು,
ಒಮ್ಮೆ ಒಂದು ಇರುವೆ.
ಆದರೂ ಎಳೆದು ನೋಡಿ:
ಬಿಗಿ ಏರಿದಂತೆ ಒಳಗೊಳಗೇ ಸಾಲುಗಟ್ಟಿ ಹರಳಾಗುತ್ತದೆ,
ಬಿಟ್ಟರೆ ಏನೂ ಆಗಲೇ ಇಲ್ಲವೆಂಬಂತೆ ಮೆತ್ತಗೆ.

ವರದಿಯಲ್ಲಿ ಸಿಂಥೆಟಿಕ್ಕಿನ ಬಲ ಮೂರುಪಟ್ಟು ಏರಿತ್ತು,
ಅಮ್ಮನದು ಒಂಚೂರು.
ಬರಿಗೈಯವನಿಗೆ ಮೂರು ಬಾತ್ ಸಿಕ್ಕರೂ ದೊಡ್ಡ ಏರಿಕೆಯಲ್ಲವೇ,
ಎಂದೆ. ಅಜಾನ್ ನಕ್ಕು ಬರೆದುಕೊಂಡರು.
ಅಚ್ಚಾದಾಗ ಗ್ರಾಫಿನ ಕೆಳಗೆ ಆ ಮಾತು ಇರಲಿಲ್ಲ.

ಹೋದ ಮಂಗಳವಾರ
ಭುಜ ತೋರಿಸಲು ಆಸ್ಪತ್ರೆಗೆ ಬಂದ ಅಮ್ಮ
ಚೀಟಿ ಹಿಡಿದು ಇಲ್ಲಿಗೂ ಬಂದಳು.
ಚಪ್ಪಲಿ ಹೊರಗೆ ಬಿಟ್ಟು ಸ್ಟೂಲಿನ ಅಂಚಿನಲ್ಲಿ ಕೂತಳು.
ಅವಳದೇ ಮರದ ಹಾಲು, ಈಗ ಒಂದು ಕಪ್ಪು ಪಟ್ಟಿ,
ಕೊಳವೆಗಳು ಕೈ ಕೈ ತಾಗಿಸಿ ನಿಂತದ್ದಕ್ಕೆ ಕರೆಂಟು ಹರಿಯುತ್ತದೆ,
ತುದಿಗೊಂದು ಜೋಳದ ಕಾಳಿನಷ್ಟು ದೀಪ.
ಯಂತ್ರ ಎಳೆಯಿತು, ದೀಪ ಕುಗ್ಗಿತು.
ಬಿಟ್ಟಿತು, ದೀಪ ಮರಳಿತು,
ಪೂರ್ತಿ ಅಲ್ಲ.

ಯಾಕೆ ಪೂರ್ತಿ ಬರಲಿಲ್ಲ?
ಅಜಾನ್ ಥಾಯ್‌ನಲ್ಲಿ ಹೇಳಿದ್ದನ್ನು ಮಲಯುವಿಗೆ ತಿರುಗಿಸಿದೆ:
ಮೊದಲ ಸಲ ಎಳೆದಾಗ
ಒಳಗೆ ಒಂದಿಷ್ಟು ಹಿಡಿತ ಬಿಟ್ಟುಹೋಗುತ್ತದಂತೆ.
ಆಮೇಲೆ ಅಷ್ಟೇ ಎಳೆದರೆ ಸುಲಭಕ್ಕೆ ಬಗ್ಗುತ್ತದೆ,
ಮೊದಲಿನ ಬಿಗಿ ಬರುವುದಿಲ್ಲ.

ಅಮ್ಮ ಬಲಭುಜ ಒಮ್ಮೆ ತಿರುಗಿಸಿದಳು.
ಮದ್ದೇನೂ ಇಲ್ಲವಾ ಅದಕ್ಕೆ?
ಬಿಸಿ ಮಾಡಿ ಇಟ್ಟರೆ
ಒಂದಿಷ್ಟು ಮರಳುತ್ತದೆ.
ಅಮ್ಮ ಚೀಟಿ ಬಿಡಿಸಿ ನನ್ನ ಮುಂದೆ ಹಿಡಿದಳು.
ಡಾಕ್ಟರೂ ಅದನ್ನೇ ಬರೆದಿದ್ದಾನೆ ನೋಡು, ಎಂದು
ಕೆಮ್ಮು ಬರುವವರೆಗೆ ನಕ್ಕಳು.

ಸಂಜೆ ಪೇಟೆಯಲ್ಲಿ ಒಂದು ಬಿಸಿನೀರಿನ ಚೀಲ ಕೊಂಡೆವು.
ಕೆಂಪು ರಬ್ಬರು. ಯಾರ ತೋಟದ್ದೋ,
ಇಲ್ಲಾ ಯಾವ ಮರದ್ದೂ ಅಲ್ಲವೋ.
ಅಮ್ಮ ಅದರ ಕಿವಿ ಹಿಡಿದು ಎಳೆದು ನೋಡಿದಳು,
ಮೂಸಿದಳು,
ಹತ್ತು ಬಾತ್ ಬಿಡಿ ಅಂದಳು ಅಂಗಡಿಯವನಿಗೆ.